ರೈಲು ಹೋಗುವವರೆಗೆ

ಗುಜರಿಯವನು ತೂಕಕ್ಕೆ ಕೊಟ್ಟ ಅರಗಿನ ತಟ್ಟೆ ಅದು.
ಹರಿಹರದ ಫ್ಯಾಕ್ಟರಿಗೆ ಬಂದಿದ್ದ ಯಾವನೋ ಫ್ರೆಂಚ್ ಎಂಜಿನಿಯರ್
ಊರು ಬಿಡುವಾಗ ಸ್ಟೂಲು, ಕೊಡೆ, ಬಾಟಲಿಗಳ ಜೊತೆ
ಬಿಟ್ಟುಹೋದದ್ದು.
ಅಂಚಿನಲ್ಲಿ ನಾಲ್ಕಾಣೆಯಗಲ ಮುಕ್ಕು.

ದಾವಣಗೆರೆಯ ರೈಲ್ವೆ ಗೇಟಿಗೆ ಬೆನ್ನು ಕೊಟ್ಟು
ನಮ್ಮ ರೆಕಾರ್ಡಿಂಗ್ ಅಂಗಡಿ.
ಅಪ್ಪ ಮುಳ್ಳು ಇಟ್ಟ.
ಮೊದಲು ಬಂದದ್ದು ಗಿಟಾರಲ್ಲ,
ಕಾದ ಮರಳಲ್ಲಿ ಅಕ್ಕಿ ಅರಳುವ ಸದ್ದು.
"ಇದೇನಣ್ಣ, ನಮ್ಮ ಮಂಡಕ್ಕಿ ಭಟ್ಟಿ ಐತಿ ಇದರೊಳಗೆ"
ಅಂದ, ಬಾಗಿಲಲ್ಲಿ ನಿಂತಿದ್ದ ಗೌಸ್‌ಪೀರ್.

ಆ ಚಟಪಟ ತೂರಿಕೊಂಡು ಆಮೇಲೆ ಬಂತು.
ತಬಲವಿಲ್ಲ, ಡ್ರಮ್ಮಿಲ್ಲ.
ಹಿಂದೊಂದು ಗಿಟಾರು, ದೋಸೆ ಹೆಂಚಿಗೆ
ನೀರು ಚಿಮುಕಿಸಿ ಪೊರಕೆ ಹೊಡೆದ ಹಾಗೆ
ಚಕ್ಕು, ಚಕ್ಕು.
ಮುಂದಿನವನು ಮಾತ್ರ ನಾಲ್ಕು ನಾಲ್ಕು ಮೆಟ್ಟಿಲು ಹಾರಿ ಇಳಿದು
ಕೊನೆಯದರ ಮೇಲೆ ನಡುಗುತ್ತ ನಿಂತು
ನಗುತ್ತಿದ್ದ.

ಲಕೋಟೆಯೊಳಗೆ ಮಡಚಿಟ್ಟ ಪತ್ರಿಕೆಯ ತುಣುಕು:
ಸಣ್ಣ ಮೀಸೆ, ಒಳ್ಳೆ ಕೋಟು,
ಎಡಗೈಯ ಎರಡು ಬೆರಳು ಮುದುಡಿ ಒಣಗಿದ ಮೆಣಸಿನಕಾಯಿ.
ಕಾಲೇಜಿನ ಮೇಷ್ಟ್ರು ಡಿಕ್ಷನರಿ ಹಿಡಿದು ಓದಿದರು:
ಅಲೆಮಾರಿ ಜನ, ಮನೆಯೆಂದರೆ ಬಂಡಿ,
ಬಂಡಿಗೆ ಬೆಂಕಿ.
ಉಳಿದೆರಡು ಬೆರಳಲ್ಲೇ ಇಷ್ಟು.

ಗೌಸ್‌ಪೀರ್ ಏನೂ ಅನ್ನಲಿಲ್ಲ.
ಹನ್ನೊಂದನೇ ವಯಸ್ಸಿಗೆ ಬಾಣಲೆಯ ಮರಳು ತಿಂದ ತನ್ನ ಎಡಗೈಯನ್ನು
ಚಿತ್ರದ ಪಕ್ಕಕ್ಕಿಟ್ಟು ನೋಡಿದ,
ಅಂಗಿಯ ಅಳತೆ ನೋಡುವವನ ಹಾಗೆ.

ಸೌದೆಯ ಹೊರೆ ಇಳಿಸಿ ಕೂತಿದ್ದಳು ತಾಂಡಾದ ಸೋಮ್ಲಿಬಾಯಿ.
ಮೇಷ್ಟ್ರಿಗೆ ಆಸೆ:
"ಇವರ ಹಳೇ ಬೇರು ನಮ್ಮ ದೇಶದ್ದೇ ಅಂತಾರೆ,
ನಿಮ್ಮ ಹಾಡಿನಂಗೆ ಕೇಳ್ತತೇನು?"
ಅವಳು ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.
"ನಮ್ಮದಲ್ಲ," ಅಂದಳು.
"ಇನ್ನೊಮ್ಮೆ ಹಾಕು."

ಆ ಸಂಜೆಯೇ ಅಪ್ಪ ಗ್ರಾಮಫೋನಿನ ಬಾಯಿಗೆ ಮೈಕು ಹಿಡಿದು
ಕ್ಯಾಸೆಟ್ಟಿಗೆ ಇಳಿಸಿದ.
ಎರಡನೇ ನಿಮಿಷಕ್ಕೆ ಸರಿಯಾಗಿ
ಹುಬ್ಬಳ್ಳಿ ಪ್ಯಾಸೆಂಜರ್ ಕೂಗಿ,
ಗೇಟು, ಗೋಡೆ, ಮುಳ್ಳು ಎಲ್ಲ ಅಲ್ಲಾಡಿಸಿ ಹೋಯಿತು.
ನಾಳೆ ಮತ್ತೆ ಮಾಡೋಣ ಅಂದ ಅಪ್ಪ.
ನಾಳೆ ಬೆಳಿಗ್ಗೆ ಕಸ ಗುಡಿಸುವಾಗ
ತಟ್ಟೆ ನನ್ನ ಕೈಯಿಂದ ಜಾರಿತು.
ಏಳು ಚೂರು. ಎಣಿಸಿದ್ದೇನೆ.

ಉಳಿದದ್ದು ರೈಲಿರುವ ಕ್ಯಾಸೆಟ್ಟು.

ಅದನ್ನೇ ಕೇಳಿ ಕೇಳಿ ಕಲಿತ ಗೌಸ್‌ಪೀರ್,
ಮದುವೆ ಆರ್ಕೆಸ್ಟ್ರಾದಲ್ಲಿ ಗಿಲಕಿ ಅಲ್ಲಾಡಿಸುತ್ತಿದ್ದವನು
ಮೂರನೇ ವರ್ಷಕ್ಕೆ ವೇದಿಕೆಯ ಮುಂದೆ ಬಂದ.
ಕ್ಯಾಸೆಟ್ಟಿನ ಕ್ಯಾಸೆಟ್ಟು ರಾಣೇಬೆನ್ನೂರಿಗೆ ಹೋಯಿತು,
ಅದರ ಕ್ಯಾಸೆಟ್ಟು ಚಳ್ಳಕೆರೆಗೆ.
ಬೆರಳು ನೆಟ್ಟಗಿದ್ದ ಹುಡುಗರೂ
ಎರಡನ್ನು ಮಡಚಿಕೊಂಡೇ ನುಡಿಸಿದರು,
ಗುರುವಿನ ಕೈ ಹಾಗಿತ್ತಲ್ಲ.
ಎರಡನೇ ನಿಮಿಷ ಬಂತೆಂದರೆ
ಎಲ್ಲರೂ ತಂತಿಯಿಂದ ಕೈ ಎತ್ತಿ
ರೈಲು ಹೋಗುವವರೆಗೆ ಕಾಯುತ್ತಿದ್ದರು.
ಅಡಿಗೆಯವರು ಸೌಟು ಹಿಡಿದು ಹೊರಗೆ ಬಂದು ನಿಲ್ಲುತ್ತಿದ್ದರು
ಆ ಮೌನಕ್ಕೇ.

ಈಗ ಗೌಸ್‌ಪೀರನ ಮೊಮ್ಮಗಳು ತಸ್ಮಿಯಾ
ಫೋನು ತಂದು ಕಿವಿಗಿಟ್ಟಳು.
ತೊಳೆದಿಟ್ಟ ಸದ್ದು. ಮರಳಿಲ್ಲ, ಭಟ್ಟಿಯಿಲ್ಲ.
ಆ ಜಾಗ ಬಂತು.
ರೈಲಿಲ್ಲ.
ಅಲ್ಲಿ ಆ ಪುಣ್ಯಾತ್ಮ ಸುಮ್ಮನಿರಲೇ ಇಲ್ಲ:
ಬುಟ್ಟಿ ಮಗುಚಿ ಇಳಿಜಾರಲ್ಲಿ
ಲಿಂಬೆಹಣ್ಣು ಉರುಳಿದ ಹಾಗೆ ಒಂದಿಷ್ಟು ಸ್ವರ.
ನಲವತ್ತು ವರ್ಷ ನಮ್ಮೂರಲ್ಲಿ ಯಾರೂ ಕೇಳದ್ದು.
ನಾನು ಒಡೆದದ್ದು ಇದನ್ನು.

"ಕಲೀಲಾ?" ಅಂದಳು.
ಕಲಿ, ಅಂದೆ.
ಕಲಿತಳು, ನಾಲ್ಕೇ ದಿನಕ್ಕೆ, ನಾಲ್ಕೂ ಬೆರಳಲ್ಲಿ.

ಆದರೆ ಮೊನ್ನೆ ಬಾಷಾನಗರದ ನಿಕಾಹದಲ್ಲಿ
ಎರಡನೇ ನಿಮಿಷಕ್ಕೆ ಅವಳ ಕೈ ತಾನಾಗೇ ಎದ್ದಿತು.
ಎರಡು ಬೆರಳು ಮಡಚಿದ್ದವು.
ಬಿರಿಯಾನಿ ಬಡಿಸುವವನು ತಟ್ಟೆ ಹಿಡಿದು ನಿಂತ.
ಯಾವ ಹಳಿಯೂ ಇಲ್ಲದ ಆ ಓಣಿಯಲ್ಲಿ
ನಾವೆಲ್ಲ ಸ್ವಲ್ಪ ಹೊತ್ತು
ಗೇಟು ತೆಗೆಯಲೆಂದು ಕಾದೆವು.